ಕೆಟ್ಟಿಲ್ಲ ಗುರು, ಅದು ಇರೋದೇ ಹಂಗೆ

ನಮ್ಮನೆ ಫ್ರಿಜ್ಜಲ್ಲಿ ಮೂರು ವಾರದಿಂದ ಒಬ್ಬಳು ರಾಣಿ ನಿಂತಿದ್ಲು. ಒಂದು ಪಕ್ಕ ದೋಸೆ ಹಿಟ್ಟಿನ ಡಬ್ಬಿ, ಇನ್ನೊಂದು ಪಕ್ಕ ಮೊಸರಿನ ಪಾತ್ರೆ, ಮಧ್ಯದಲ್ಲಿ ಕೈ ಮೇಲೆ ಹಕ್ಕಿ ಕೂರಿಸ್ಕೊಂಡು ಗಂಭೀರವಾಗಿ ಎತ್ತಲೋ ನೋಡ್ತಾ ಇರೋ ಹೆಂಗಸು. ಅಮ್ಮ ಬೆಳಿಗ್ಗೆ ಹಿಟ್ಟು ತೆಗೆಯುವಾಗೆಲ್ಲ ಒಂದ್ಸಲ ಗೊಣಗೋರು, "ಈ ಶರಬತ್ತು ಯಾವಾಗ ಖಾಲಿ ಮಾಡ್ತೀಯೋ, ನಂಗೆ ಡಬ್ಬಿ ಇಡೋಕೆ ಜಾಗ ಇಲ್ಲ" ಅಂತ. ಅದು ಶರಬತ್ತಲ್ಲ ಅಂತ ಅಮ್ಮಂಗೂ ಗೊತ್ತು, ಅಮ್ಮಂಗೆ ಗೊತ್ತು ಅಂತ ನಂಗೂ ಗೊತ್ತು, ಆದ್ರೆ ನಮ್ಮನೇಲಿ ಬಿಯರಿಗೆ ಹದಿನೈದು ವರ್ಷದಿಂದ ಶರಬತ್ತು ಅಂತಾನೇ ಹೆಸರು, ಈಗ ಬದಲಾಯಿಸೋಕೆ ಇಬ್ರಿಗೂ ಮನಸ್ಸಿಲ್ಲ.

ತಂದಿದ್ದು ನಮ್ಮ ಭಾವ. ಆಫೀಸ್ ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೋಗಿದ್ರು, ಅಲ್ಲಿಂದ ಫೋನ್ ಮಾಡಿ "ಏನಪ್ಪಾ ನಿಂಗೆ, ಚಾಕ್ಲೇಟ್ ತರ್ಲಾ" ಅಂದ್ರು. ನಾನು ಎರಡು ಬಾಟಲಿ ಫೋಟೋ ಕಳಿಸ್ದೆ. ಭಾವ ಕುಡಿಯೋರಲ್ಲ, ಆ ಕಡೆ ಎರಡು ನಿಮಿಷ ಮೌನ, ಆಮೇಲೆ "ಇದನ್ನ ತಂದ್ರೆ ಏರ್‌ಪೋರ್ಟಲ್ಲಿ ಹಿಡಿಯಲ್ವಾ" ಅಂದ್ರು. ಎರಡು ಲೀಟರ್ ತನಕ ತರಬಹುದು ಭಾವ, ದೊಡ್ಡದು ಒಂದು 750 ಎಂಎಲ್, ಚಿಕ್ಕದು ಎರಡು 330ರದ್ದು, ಎಲ್ಲ ಸೇರಿ ಒಂದೂವರೆ ಲೀಟರೂ ಆಗಲ್ಲ ಅಂತ ಲೆಕ್ಕ ಒಪ್ಪಿಸ್ದೆ. ಪಾಪ, ಅಕ್ಕಂಗೆ ತಂದ ಸ್ವೆಟರ್ ಒಳಗೆ ಸುತ್ತಿ, ಅದರ ಮೇಲೆ ಪಾಪುದು ಎರಡು ಜರ್ಕಿನ್ ಸುತ್ತಿ, ಮಗು ಎತ್ಕೊಂಡು ಬಂದಂಗೆ ತಂದ್ರು.

ದೊಡ್ಡ ಬಾಟಲಿ ಡುಶೆಸ್ ದೆ ಬೂರ್ಗೋನ್. ಬರ್ಗಂಡಿಯ ಡಚೆಸ್ ಅಂತ ಅರ್ಥ. ಆ ಚಿತ್ರದಲ್ಲಿರೋಳು ಮೇರಿ ಅಂತ, 1457ರಲ್ಲಿ ಬ್ರಸೆಲ್ಸಲ್ಲೇ ಹುಟ್ಟಿದೋಳು, 1482ರಲ್ಲಿ ಗಿಡುಗ ಬಿಟ್ಟು ಬೇಟೆ ಆಡೋವಾಗ ಕುದುರೆಯಿಂದ ಬಿದ್ದು ಸತ್ತೋದ್ಲು, ಬರೀ ಇಪ್ಪತ್ತೈದು ವರ್ಷ. ಹಂಗಾಗಿ ರಾಣಿ ಅನ್ನೋದು ತಪ್ಪು, ಡಚೆಸ್ ಅನ್ಬೇಕು, ಆದ್ರೆ ನಮ್ಮನೇಲಿ ಅವಳು ರಾಣಿನೇ. ಚಿಕ್ಕವೆರಡು ರೋಡನ್‌ಬಾಕ್ ಗ್ರಾಂಡ್ ಕ್ರೂ. ಎರಡೂ ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್ ಅನ್ನೋ ಭಾಗದವು, ಮರದ ಪೀಪಾಯಲ್ಲಿ ತಿಂಗಳುಗಟ್ಟಲೆ ವರ್ಷಗಟ್ಟಲೆ ಇಟ್ಟು ಬೇಕೂಂತಲೇ ಹುಳಿ ಬರಿಸೋ ಕೆಂಪು ಏಲ್, ಏಲ್ ಅಂದ್ರೆ ಬಿಯರಲ್ಲೇ ಒಂದು ಜಾತಿ.

ಬೇಕೂಂತಲೇ ಅನ್ನೋ ಪದ ಇಲ್ಲಿ ಮುಖ್ಯ, ಯಾಕೇಂದ್ರೆ ನಂಗೆ ಹುಳಿ ಬಿಯರ್ ಜೊತೆ ಹಳೇ ಜಗಳ ಇದೆ. ಕೆಲವು ವರ್ಷದ ಹಿಂದೆ ಇಲ್ಲೇ ಒಂದು ಬ್ರೂಪಬ್ಬಲ್ಲಿ, ಅಂದ್ರೆ ಬಿಯರ್ ಅಲ್ಲೇ ಮಾಡಿ ಕೊಡೋ ಪಬ್ಬಲ್ಲಿ (ಹೆಸರು ಬೇಡ) ಗೋಧಿ ಬಿಯರ್ ಹೇಳಿದ್ದೆ, ಬಂದಿದ್ದು ನೋಡಿದ್ರೆ ಹಿಂದಿನ ದಿನದ ಮಜ್ಜಿಗೆ ಥರ ಹುಳಿ, ಜೊತೆಗೆ ಪಾಪ್‌ಕಾರ್ನಿಗೆ ಹಾಕೋ ಬೆಣ್ಣೆ ವಾಸನೆ. ವಾಪಸ್ ಕಳಿಸ್ದೆ. ಸರ್ವ್ ಮಾಡೋ ಹುಡುಗ "ಸರ್, ಇದು ಈ ಸ್ಟೈಲ್ ಸರ್" ಅಂದ. ಸ್ಟೈಲೂ ಇಲ್ಲ ಏನೂ ಇಲ್ಲ, ನಲ್ಲಿಗೆ ಬರೋ ಪೈಪ್ ತೊಳೆದಿಲ್ಲ ಅಷ್ಟೇ. ಪೈಪಲ್ಲಿ ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡ್ರೆ ಒಳ್ಳೇ ಬಿಯರೂ ಹಿಂಗೇ ಹಾಳಾಗೋದು, ಬೆಣ್ಣೆ ವಾಸನೆ ಅದರ ಗುರುತು. ಅವತ್ತಿಂದ ಯಾರಾದ್ರೂ ಸೌರ್ ಬಿಯರ್ ಅಂದ್ರೆ ನಂಗೆ ಅದೇ ನೆನಪಾಗೋದು.

ಬೆಂಗಳೂರಲ್ಲಿ ಬಿಯರ್ ಇಲ್ಲ ಅಂತಲ್ಲ ಮತ್ತೆ. ವಿಠಲ್ ಮಲ್ಯ ರಸ್ತೆಯಲ್ಲಿ ಈಗ ಯುಬಿ ಸಿಟಿ ಮಾಲ್ ಇರೋ ಜಾಗದಲ್ಲೇ ಹಿಂದೆ ಬ್ರೂವರಿ ಇತ್ತು. ಯುನೈಟೆಡ್ ಬ್ರೂವರೀಸ್ ಶುರುವಾಗಿದ್ದೇ 1915ರಲ್ಲಿ, ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಸಣ್ಣಪುಟ್ಟ ಬ್ರೂವರಿಗಳನ್ನ ಒಟ್ಟುಮಾಡಿ. ಆಮೇಲೆ ಇಂದಿರಾನಗರ, ಮ್ಯಾಗ್ರತ್ ರೋಡು ಅಂತ ಗಲ್ಲಿಗೊಂದು ಬ್ರೂಪಬ್ ಬಂತು, ನಮ್ಮ ವಯಸ್ಸಿನವರೆಲ್ಲ ಕಹಿ ಕುಡಿಯೋದು ಕಲಿತ್ವಿ, ಐಪಿಎ ಅನ್ನೋ ಕಹಿ ಬಿಯರ್ ಅಂದ್ರೆ ಕಷಾಯ ಅಂತ ಮುಖ ಕಿವುಚ್ತಿದ್ದೋರೆಲ್ಲ ಈಗ ಬಿಯರಿಗೆ ಕಹಿ ಕೊಡೋ ಹಾಪ್ಸ್ ಹೂವಿನ ಬಗ್ಗೆ ಭಾಷಣ ಮಾಡ್ತಾರೆ (ನಾನೂ ಸೇರಿ). ಆದ್ರೆ ಹುಳಿ ಮಾತ್ರ ಸರಿಯಾಗಿ ಕಲೀಲಿಲ್ಲ. ಮೆನುವಲ್ಲಿ ಸೌರ್ ಅಂತ ಇದ್ರೆ ಸಾಮಾನ್ಯವಾಗಿ ಅದು ಮಾವಿನಹಣ್ಣಿಂದೋ ಪ್ಯಾಷನ್ ಫ್ರೂಟಿಂದೋ ಆಗಿರುತ್ತೆ, ಬೇಸಿಗೇಲಿ ಕುಡಿಯೋಕೆ ಚೆನ್ನಾಗೇ ಇರುತ್ತೆ, ನಾನು ಬೈತಿಲ್ಲ. ಅದನ್ನ ಮಾಡೋ ರೀತಿ ಅಂದ್ರೆ ಮಾಲ್ಟಿನ, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ರಸಕ್ಕೆ ಮೊಸರಿನ ಜಾತಿಯ ಬ್ಯಾಕ್ಟೀರಿಯಾ ಹಾಕಿ ಒಂದೆರಡು ದಿನ ಬೆಚ್ಚಗಿಟ್ಟು, ಹುಳಿ ಬಂದ ತಕ್ಷಣ ಕುದಿಸಿ ಅದನ್ನ ಸಾಯಿಸಿ, ಆಮೇಲೆ ಮಾಮೂಲಿ ಥರ ಬಿಯರ್ ಮಾಡೋದು. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮೊಸರು ತಿಂದಂಗೆ. ಭಾವ ತಂದಿದ್ದು ಆ ಜಾತಿ ಅಲ್ಲ, ಅದು ಉಪ್ಪಿನಕಾಯಿ ಜಾಡಿ ಜಾತಿ.

ಸರಿ, ಮೊನ್ನೆ ಶನಿವಾರ ಮುಹೂರ್ತ. ಗಿರಿನಗರದಲ್ಲಿ ನಮ್ಮನೆ ಟೆರೇಸು, ಅಮ್ಮ ಹಾಕಿರೋ ಸಂಡಿಗೆ ತೆಗೆದಾಗಿತ್ತು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ದಿವಾನದ ಹಲಗೆ. ಫ್ರೆಂಡ್ ನವೀನ ಐದಕ್ಕೇ ಬಂದ. ಅವನು ಏನು ಕುಡಿದ್ರೂ ಮೊಬೈಲಲ್ಲಿ ಐದಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕೋ ಗಿರಾಕಿ. ಬೋಪಣ್ಣ ಮಾತ್ರ ಇಲ್ಲ. ಬೋಪಣ್ಣ ಮಡಿಕೇರಿಯವನು, ಇರೋದು ಬೆಳ್ಳಂದೂರಲ್ಲಿ, ಫೋನ್ ಮಾಡಿದ್ರೆ "ಇಲ್ಲೇ ಇದೀನಿ ಮಗಾ, ಐದೇ ನಿಮಿಷ" ಅಂದ. ಹಿಂದೆ ಹಾರನ್ ಕೇಳಿಸ್ತಾ ಇದ್ದಿದ್ದು ನೋಡಿದ್ರೆ ಸಿಲ್ಕ್ ಬೋರ್ಡ್ ಕೂಡ ದಾಟಿಲ್ಲ ಅಂತ ಗೊತ್ತಾಯ್ತು. ನಮಗೆ ತಡೆಯೋಕಾಗ್ಲಿಲ್ಲ. ಸುಮ್ನೆ ಒಂದು ಗುಟುಕು ನೋಡೋಣ, ಅವನು ಬಂದ್ಮೇಲೆ ಸರಿಯಾಗಿ ಶುರು ಮಾಡೋಣ ಅಂತ ಫ್ರಿಜ್ಜಿಂದ ರಾಣಿನ ತಂದು ತಂತಿ ಬಿಚ್ಚಿ ಬಿರಡೆ ಎಳೆದ್ವಿ.

ಮೊದಲನೇ ಗುಟುಕು, ನೇರ ಹೇಳ್ಬಿಡ್ತೀನಿ, ಚೆನ್ನಾಗಿರ್ಲಿಲ್ಲ. ಕೊರೆಯೋ ತಣ್ಣಗಿತ್ತು, ವಾಸನೆ ಅಂತ ಏನೂ ಮೇಲೆ ಬರ್ಲಿಲ್ಲ, ಬಾಯಿಗೆ ಹಾಕಿದ ತಕ್ಷಣ ಕೆನ್ನೆ ಒಳಗಡೆ ಚುರ್ರ್ ಅಂತು, ಹಿಂದೇನೇ ನಾಲಿಗೆ ಮೇಲೆ ತಗಡು ನೆಕ್ಕಿದಂಗೆ. ನವೀನ ಗ್ಲಾಸ್ ಕೆಳಗಿಟ್ಟು "ವಿನೆಗರ್ ಗುರು ಇದು, ಚೈನೀಸ್ ಹೋಟ್ಲಲ್ಲಿ ಮೆಣಸಿನಕಾಯಿ ನೆನೆಹಾಕಿರ್ತಾರಲ್ಲ, ಅದು. ಬ್ಯಾಗಲ್ಲಿ ಬಿಸಿ ಆಗಿ ಕೆಟ್ಟಿರ್ಬೇಕು" ಅಂದ. ನಂಗೂ ಒಳಗೊಳಗೆ ಹಂಗೇ ಅನ್ನಿಸ್ತು, ಆದ್ರೆ ಭಾವ ಸ್ವೆಟರ್ ಸುತ್ತಿ ತಂದಿದ್ದು ನೆನಪಾಗಿ ಒಪ್ಕೊಳೋಕೆ ಮನಸ್ಸಾಗ್ಲಿಲ್ಲ. ಕೆಟ್ಟಿಲ್ಲ ಗುರು, ಅದು ಇರೋದೇ ಹಂಗೆ ಅಂದೆ. ಧೈರ್ಯದಿಂದ ಹೇಳಿದ್ದಲ್ಲ. ಬಾಟಲಿನ ಅಲ್ಲೇ ಹಲಗೆ ಮೇಲೆ ಬಿಟ್ಟು ಕಾಂಗ್ರೆಸ್ ಕಡ್ಲೆಕಾಯಿ ತಿನ್ಕೊಂಡು ಬೋಪಣ್ಣನಿಗೆ ಕಾಯ್ತಾ ಕೂತ್ವಿ.

ಕಾಯ್ತಾ ಇರೋವಾಗ ನಾನು ಓದ್ಕೊಂಡಿದ್ದೆಲ್ಲ ನವೀನನ ಮೇಲೆ ಸುರಿದೆ, ಬೇರೆ ಕೆಲಸ ಇರ್ಲಿಲ್ಲ. ಈ ಶೈಲಿಗೆ ಹೆಸರು ತಂದಿದ್ದು ರೋಡನ್‌ಬಾಕ್ ಮನೆತನ. ರೂಸೆಲಾರೆ ಅನ್ನೋ ಊರಲ್ಲಿ 1821ರಲ್ಲಿ ಅಣ್ಣತಮ್ಮಂದಿರು ಸೇರಿ ಒಂದು ಸಣ್ಣ ಬ್ರೂವರಿ ಕೊಂಡ್ಕೊಂಡ್ರು, ಅದರಲ್ಲಿ ಅಲೆಕ್ಸಾಂಡರ್ ಅನ್ನೋನಿಗೆ ಚಿಕ್ಕ ವಯಸ್ಸಲ್ಲೇ ಕಣ್ಣು ಹೋಗಿತ್ತು, ಆದ್ರೂ ಬೆಲ್ಜಿಯಂ ದೇಶ ಹುಟ್ಟೋವಾಗ ಅದರ ಮೊದಲ ಸಂಸತ್ತಲ್ಲಿ ಕೂತಿದ್ದ. ನಂಗೆ ಈ ವಿಷಯ ಯಾಕೋ ತುಂಬ ಇಷ್ಟ ಆಯ್ತು, ಬಣ್ಣಕ್ಕೇ ಹೆಸರಾದ ಬಿಯರ್, ಅದನ್ನ ಶುರು ಮಾಡಿದವರಲ್ಲಿ ಒಬ್ಬನಿಗೆ ಬಣ್ಣನೇ ಕಾಣ್ತಿರ್ಲಿಲ್ಲ. ಆಮೇಲೆ 1870ರ ದಶಕದಲ್ಲಿ ಅದೇ ಮನೆಯ ಯುಜೀನ್ ಅನ್ನೋನು ಇಂಗ್ಲೆಂಡಿಗೆ ಹೋದ, ಅಲ್ಲಿ ಪೋರ್ಟರ್ ಅನ್ನೋ ಕಪ್ಪು ಬಿಯರನ್ನ ದೊಡ್ಡ ಮರದ ಹಂಡೆಗಳಲ್ಲಿ ಹಳೇದು ಮಾಡಿ, ಹೊಸದರ ಜೊತೆ ಬೆರೆಸೋದನ್ನ ಕಲ್ತು ಬಂದ. ಮಜಾ ಏನಪ್ಪಾ ಅಂದ್ರೆ ಇಂಗ್ಲೆಂಡಿನವರು ಆ ಕೆಲಸನ ಹೆಚ್ಚುಕಮ್ಮಿ ಬಿಟ್ಟೇಬಿಟ್ರು, ಕಲಿತು ಬಂದವನ ಊರಲ್ಲಿ ಇವತ್ತೂ ನಡೀತಾ ಇದೆ.

ಆ ಮರದ ಹಂಡೆಗೆ ಫೂಡರ್ ಅಂತಾರೆ. ಹಂಡೆ ಅಂದ್ರೆ ನಮ್ಮ ಬಚ್ಚಲುಮನೆ ಹಂಡೆ ಅಲ್ಲ, ಎರಡಾಳು ಮೂರಾಳು ಎತ್ತರ, ದೊಡ್ಡವು 60 ಸಾವಿರ ಲೀಟರಿಗಿಂತ ಜಾಸ್ತಿ ಹಿಡಿಯುತ್ವೆ. ಅಂದ್ರೆ ನಮ್ಮ ಏರಿಯಾಗೆ ಬರೋ ನೀರಿನ ಟ್ಯಾಂಕರ್ ಆರು ಸಾವಿರ ಲೀಟರ್ ಅಂತ ಇಟ್ಕೊಂಡ್ರೆ ಹತ್ತು ಟ್ಯಾಂಕರ್ ಬಿಯರ್ ಒಂದೇ ಪೀಪಾಯಲ್ಲಿ. ಅಂಥವು ರೋಡನ್‌ಬಾಕ್‌ನಲ್ಲಿ 294 ಇವೆ, ಕೆಲವಕ್ಕೆ 150 ವರ್ಷ ದಾಟಿದೆ. ನವೀನ ಇದನ್ನ ಕೇಳಿ "ಅಷ್ಟು ಹಳೇ ಮರದಲ್ಲಿ ಇನ್ನೇನು ಮರದ ರುಚಿ ಉಳಿದಿರುತ್ತೆ" ಅಂದ. ಒಳ್ಳೇ ಪ್ರಶ್ನೆ. ಉಳಿದಿರಲ್ಲ. ವಿಸ್ಕಿಗೆ ಬೇಕಾದಂಗೆ ಹೊಸ ಓಕ್ ಮರದ ವೆನಿಲಾ ಗಿನಿಲಾ ಇದಕ್ಕೆ ಬೇಡ. ಇಲ್ಲಿ ಮರ ಇರೋದು ಎರಡು ಕೆಲಸಕ್ಕೆ. ಒಂದು, ಮರದ ಸಂದಿಯಿಂದ ಗಾಳಿ ತುಂಬಾ ತುಂಬಾ ನಿಧಾನವಾಗಿ ಒಳಗೆ ಹೋಗುತ್ತೆ. ಎರಡು, ಆ ಮರದ ಒಳಮೈಯಲ್ಲಿ ಸೂಕ್ಷ್ಮಜೀವಿಗಳು ತಲೆತಲಾಂತರದಿಂದ ಸಂಸಾರ ಮಾಡ್ಕೊಂಡಿರ್ತವೆ. ನಮ್ಮಜ್ಜಿ ಮೊಸರಿಗೆ ಒಂದು ಮಣ್ಣಿನ ಗಡಿಗೆ ಇಟ್ಕೊಂಡಿದ್ರು, ಅದಕ್ಕೆ ಬೆಚ್ಚಗಿನ ಹಾಲು ಹುಯ್ದರೆ ಸಾಕು, ಹೆಪ್ಪು ಮರೆತ್ರೂ ಬೆಳಿಗ್ಗೆಗೆ ಮೊಸರಾಗಿರೋದು, ಗಡಿಗೆನೇ ಹೆಪ್ಪು. ಅದನ್ನ ಸೋಪ್ ಹಾಕಿ ತಿಕ್ಕಿದ್ರೆ ಅಜ್ಜಿ ಮನೆಯಿಂದ ಆಚೆ ಹಾಕ್ತಿದ್ರು. ಫೂಡರ್ ಕಥೆನೂ ಅಷ್ಟೇ.

ಒಳಗೆ ಯಾರ್ ಯಾರು ಇರ್ತಾರೆ ಅಂದ್ರೆ, ಮೊದಲು ಮಾಮೂಲಿ ಯೀಸ್ಟ್ ಬಂದು ಸಕ್ಕರೆನೆಲ್ಲ ತಿಂದು ಆಲ್ಕೋಹಾಲ್ ಮಾಡಿ ಹೋಗುತ್ತೆ. ಅದು ತಿನ್ನಲಾರದೆ ಬಿಟ್ಟಿದ್ದನ್ನ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ತಿಂದು ಲ್ಯಾಕ್ಟಿಕ್ ಆಸಿಡ್ ಮಾಡ್ತವೆ, ಮೊಸರು ದೋಸೆ ಹಿಟ್ಟಿನ ಹುಳಿ ಅದೇ. ಆಮೇಲೆ ಬ್ರೆಟ್ಟನೊಮೈಸಿಸ್ ಅಂತ ಒಂದು ಕಾಡು ಯೀಸ್ಟು, 1904ರಲ್ಲಿ ಕಾರ್ಲ್ಸ್‌ಬರ್ಗ್ ಬ್ರೂವರಿಯ ಲ್ಯಾಬಲ್ಲಿ ಕ್ಲಾಸೆನ್ ಅನ್ನೋ ವಿಜ್ಞಾನಿ ಇಂಗ್ಲಿಷ್ ಬಿಯರಲ್ಲಿ ಗುರುತಿಸಿ ಹೆಸರಿಟ್ಟಿದ್ದು, ಬ್ರಿಟಿಷ್ ಶಿಲೀಂಧ್ರ ಅಂತ ಅದರ ಅರ್ಥ, ಅದು ಆತುರ ಇಲ್ಲದೆ ತಿಂಗಳುಗಟ್ಟಲೆ ಮೆಲ್ಲುತ್ತೆ, ಹಣ್ಣಿನ ವಾಸನೆ, ಚರ್ಮದ ವಾಸನೆ ಎಲ್ಲ ಅದರ ಕೊಡುಗೆ. ಕೊನೆಗೆ ಮರದ ಸಂದಿಯಿಂದ ಬರೋ ಚೂರು ಗಾಳಿ ನಂಬ್ಕೊಂಡು ಅಸಿಟೋಬ್ಯಾಕ್ಟರ್ ಇರುತ್ತೆ, ಇದು ಮಾಡೋದು ಅಸಿಟಿಕ್ ಆಸಿಡ್, ಅಂದ್ರೆ ವಿನೆಗರ್. ಹಂಗಾಗಿ ನವೀನ ವಿನೆಗರ್ ಅಂದಿದ್ದು ಪೂರ್ತಿ ತಪ್ಪಲ್ಲ, ಚೂರು ಇರ್ಬೇಕು, ಗಾಳಿ ಜಾಸ್ತಿ ಹೋದ್ರೆ ಪೂರ್ತಿ ಪೀಪಾಯೇ ವಿನೆಗರ್ ಆಗಿ ಚೆಲ್ಲಬೇಕಾಗುತ್ತೆ. ಒಗ್ಗರಣೆಗೆ ಇಂಗು ಹಾಕಿದಂಗೆ, ಇಲ್ದಿದ್ರೆ ಸಪ್ಪೆ, ಒಂದು ಚಿಟಿಕೆ ಜಾಸ್ತಿ ಆದ್ರೆ ಊಟ ಮಾಡೋಕಾಗಲ್ಲ.

ಇನ್ನೊಂದು ವಿಷಯ ನಂಗೆ ಮೊದಲು ಹೊಳೆದಿರ್ಲಿಲ್ಲ. ಹಾಪ್ಸ್ ಕಹಿ ಇದೆಯಲ್ಲ, ಅದು ಈ ಹುಳಿ ಬ್ಯಾಕ್ಟೀರಿಯಾಗಳಿಗೆ ಆಗಲ್ಲ. ಬಿಯರಿಗೆ ಹಾಪ್ಸ್ ಹಾಕೋಕೆ ಶುರು ಮಾಡಿದ್ರಲ್ಲಿ ಅದು ಹುಳಿಯಾಗದೆ ಉಳೀಲಿ ಅನ್ನೋದೂ ಒಂದು ಕಾರಣ. ಅದಕ್ಕೇ ಈ ಕೆಂಪು ಏಲ್‌ಗೆ ಹಾಪ್ಸ್ ಹೆಸರಿಗೆ ಮಾತ್ರ. ನಾವು ಹತ್ತು ವರ್ಷ ಐಪಿಎ ಕುಡಿದು ಬಿಯರ್ ಅಂದ್ರೆ ಕಹಿ ಅಂತ ನಾಲಿಗೆಗೆ ಪಾಠ ಮಾಡಿದ್ವಲ್ಲ, ಆ ಪಾಠ ಇಲ್ಲಿ ಅಡ್ಡ ಬರುತ್ತೆ. ಬಾಯಿ ಕಹಿಗೆ ಕಾಯ್ತಾ ಇರುತ್ತೆ, ಹುಳಿ ಬಂದು ಕೆನ್ನೆಗೆ ಬಾರಿಸುತ್ತೆ.

ಇಷ್ಟು ಹೇಳೋಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು, ಬೋಪಣ್ಣನ ಐದು ನಿಮಿಷ ಮುಗಿದು ಅವನು ಕೈಯಲ್ಲಿ ಸ್ಟೀಲ್ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ. ಅವನಿಗೆ ಏನೂ ಹೇಳ್ದೆ ಗ್ಲಾಸಿಗೆ ಹುಯ್ದೆ. ಗ್ಲಾಸ್ ಅಂದ್ರೆ ಆಫೀಸಲ್ಲಿ ದೀಪಾವಳಿಗೆ ಕೊಟ್ಟಿದ್ದ ವೈನ್ ಗ್ಲಾಸು, ಇಷ್ಟು ದಿನ ಷೋಕೇಸಲ್ಲಿ ಗಣೇಶನ ಪಕ್ಕ ಕೂತಿದ್ವು. ಬೋಪಣ್ಣ ಮೂಗು ಹಾಕ್ದ. ಮತ್ತೆ ಹಾಕ್ದ. ನನ್ನ ಮುಖ ನೋಡಿ "ಕಾಚಂಪುಳಿ" ಅಂದ.

ಕೊಡಗಿನ ಕಡೆ ಅಡುಗೆಮನೆ ನೋಡಿಲ್ದೋರಿಗೆ ಹೇಳ್ಬೇಕು ಇದನ್ನ. ಒಂದು ಹುಳಿ ಹಣ್ಣು, ಮುರುಗಲ ಜಾತಿದು, ಮಳೆಗಾಲದಲ್ಲಿ ಹಣ್ಣಾಗಿ ಬಿದ್ದಿದ್ದನ್ನ ಬುಟ್ಟೀಲಿ ಪೇರಿಸಿಟ್ರೆ ಕೆಳಗೆ ರಸ ತೊಟ್ಟಿಕ್ಕುತ್ತೆ, ಅದನ್ನ ಗಂಟೆಗಟ್ಟಲೆ ಕುದಿಸಿ ಕುದಿಸಿ ಡಾಂಬರಿನ ಥರ ಕಪ್ಪಗೆ ಗಟ್ಟಿ ಮಾಡಿ ಬಾಟಲಿಗೆ ತುಂಬ್ತಾರೆ, ವರ್ಷಗಟ್ಟಲೆ ಕೆಡಲ್ಲ, ಪಂದಿಕರಿಗೆ, ಅಂದ್ರೆ ಹಂದಿಮಾಂಸದ ಸಾರಿಗೆ, ಕೊನೆಗೆ ಒಂದೆರಡು ಚಮಚ ಹಾಕಿದ್ರೆ ಪಾತ್ರೆ ಪೂರ್ತಿ ಕಪ್ಪಾಗುತ್ತೆ. ಹುಳಿ, ಜೊತೆಗೆ ಹೊಗೆ, ಜೊತೆಗೆ ಬೆಲ್ಲ ಸುಟ್ಟಂಥ ಒಂದು ಸಿಹಿ. ಇಂಗ್ಲಿಷಲ್ಲಿ ಈ ಡುಶೆಸ್ ಬಗ್ಗೆ ಬರೆಯೋರೆಲ್ಲ ಬಾಲ್ಸಾಮಿಕ್ ವಿನೆಗರ್ ಅಂತ ಬರೀತಾರೆ, ನಾನೂ ಅದನ್ನೇ ಓದಿ ಬಾಯಿಪಾಠ ಮಾಡಿದ್ದೆ, ನಾನು ಜೀವಮಾನದಲ್ಲಿ ಬಾಲ್ಸಾಮಿಕ್ ತಿಂದಿರೋದು ಹೆಚ್ಚು ಅಂದ್ರೆ ನಾಲ್ಕು ಸಲ. ಕಾಚಂಪುಳಿ ಅಂದ ತಕ್ಷಣ ಗ್ಲಾಸ್ ಪೂರ್ತಿ ಅರ್ಥ ಆದಂಗಾಯ್ತು.

ಈಗ ನಾನೂ ಮತ್ತೆ ಕುಡಿದೆ, ಅದೇ ಬಾಟಲಿ, ಮುಕ್ಕಾಲು ಗಂಟೆ ಟೆರೇಸ್ ಗಾಳಿಗೆ ಕೂತಿದ್ದು ಅಷ್ಟೇ ವ್ಯತ್ಯಾಸ. ಬೇರೆನೇ ಬಿಯರ್. ಸಂಜೆ ಬಿಸಿಲಿಗೆ ಹಿಡಿದ್ರೆ ಅಂಚಲ್ಲಿ ಜೇನಿನ ಬಣ್ಣ, ನಡುವೆ ದಾಳಿಂಬೆ ಸಿಪ್ಪೆ ಕೆಂಪು, ನೊರೆ ಟೀ ಮೇಲಿನ ಕೆನೆ ಬಣ್ಣದ್ದು, ಬೇಗ ಕೂತ್ಕೋತು. ಮೂಗಿಗೆ ಮೊದಲು ಆ ಕಾಚಂಪುಳಿ, ಹಿಂದೆ ಚೆರ್ರಿ ಅಂತಾರೆ, ನಂಗೆ ಬಂದಿದ್ದು ಬೇಕರಿ ಕೇಕ್ ಮೇಲೆ ಇಡೋ ಚೆರ್ರಿ ಅಲ್ಲ, ನೇರಳೆ ಹಣ್ಣು. ಬಾಯಲ್ಲಂತೂ ಪೂರ್ತಿ ನೇರಳೆ ಹಣ್ಣೇ, ಮೊದಲು ಸಿಹಿ, ತಕ್ಷಣ ಹುಳಿ, ಆಮೇಲೆ ಹಲ್ಲಿನ ಹಿಂದೆ ನಾಲಿಗೆ ಎಳೆದು ಹಿಡಿಯೋ ಒಗರು. ಇದರಲ್ಲಿ ಹಣ್ಣು ಒಂದೂ ಹಾಕಿಲ್ಲ ಅನ್ನೋದನ್ನ ನವೀನ ನಂಬಲೇ ಇಲ್ಲ, ಲೇಬಲ್ ಓದೋಕೆ ಕೊಟ್ಟೆ. ಆ ರುಚಿ ಎಲ್ಲ ಮಾಲ್ಟು, ಯೀಸ್ಟು, ಬ್ಯಾಕ್ಟೀರಿಯಾ, ಕಾಲ ಸೇರಿ ಮಾಡಿದ್ದು.

ಒಗರು ಅನ್ನೋ ಪದಕ್ಕೆ ನಾನು ಅವತ್ತು ಮನಸ್ಸಲ್ಲೇ ಕೈ ಮುಗಿದೆ. ಇಂಗ್ಲಿಷಲ್ಲಿ ಟ್ಯಾನಿನ್ನು, ಆಸ್ಟ್ರಿಂಜೆಂಟು ಅಂತ ವೈನ್ ಕ್ಲಾಸಿಗೆ ಹೋಗಿ ಕಲಿಯೋದನ್ನ ನಾವು ಬಾಳೆಕಾಯಿ ಪಲ್ಯ, ಎಳೇ ಸೀಬೆ, ನೆಲ್ಲಿಕಾಯಿ ತಿಂದು ಐದು ವರ್ಷಕ್ಕೇ ಕಲ್ತಿರ್ತೀವಿ. ಹುಳಿನೂ ಅಷ್ಟೇ, ನಿಂಬೆ ಹುಳಿ ಬೇರೆ, ಹುಣಸೆ ಹುಳಿ ಬೇರೆ, ಮೊಸರಿನ ಹುಳಿ ಬೇರೆ, ಅಮಟೆಕಾಯಿ ಹುಳಿ ಬೇರೆ ಅಂತ ಯಾರೂ ಹೇಳ್ಕೊಡ್ಬೇಕಿಲ್ಲ, ಊಟದಲ್ಲಿ ಒಂದು ಪದಾರ್ಥಕ್ಕೆ ಹುಳಿ ಅಂತಾನೇ ಹೆಸರಿಟ್ಟಿರೋ ಜನ ನಾವು. ನಾಲಿಗೆ ಎಲ್ಲ ಮೊದಲೇ ಓದ್ಕೊಂಡು ಬಂದಿತ್ತು, ಬಿಯರ್ ಅನ್ನೋ ಹೆಸರು ಕೇಳಿ ಮರೆತಂಗೆ ನಾಟಕ ಆಡ್ತಿತ್ತು.

ತಣ್ಣಗೆ ಕುಡಿಯೋದು ನಮ್ಮ ಅಭ್ಯಾಸ, ಲಾಗರ್, ಅಂದ್ರೆ ಅಂಗಡೀಲಿ ಸಿಗೋ ಮಾಮೂಲಿ ಬಿಯರ್, ಕುಡಿದು ಬೆಳೆದಿದ್ದಕ್ಕೆ ಬಂದಿದ್ದು, ಚಿಲ್ಡ್ ಇದ್ಯಾ ಅಂತ ಕೇಳ್ದೆ ಯಾರೂ ಬಾಟಲಿ ಮುಟ್ಟಲ್ಲ. ಈ ಬಿಯರಿಗೆ ಅದು ಅನ್ಯಾಯ. ಎಂಟರಿಂದ ಹನ್ನೆರಡು ಡಿಗ್ರಿ ಅಂತಾರೆ, ಥರ್ಮಾಮೀಟರ್ ಏನೂ ಬೇಡ, ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಹೊರಗಿಡಿ ಸಾಕು, ತೀರಾ ತಣ್ಣಗಿದ್ರೆ ಸಿಹಿನೂ ವಾಸನೆನೂ ಮಲಗಿರ್ತವೆ, ಹುಳಿ ಒಂದೇ ಎದ್ದು ಕೂತಿರುತ್ತೆ. ನಾವಾಗಿದ್ರೆ ಈ ತಾಳ್ಮೆ ಇರ್ತಿರ್ಲಿಲ್ಲ, ಔಟರ್ ರಿಂಗ್ ರೋಡ್ ಟ್ರಾಫಿಕ್ಕಿಗೆ ಥ್ಯಾಂಕ್ಸ್ ಹೇಳಿದ್ದು ಜೀವನದಲ್ಲಿ ಅದೇ ಮೊದಲು.

ಆಮೇಲೆ ರೋಡನ್‌ಬಾಕ್. ಎರಡರಲ್ಲಿ ಒಂದನ್ನೇ ತೆಗೆದಿದ್ದು, ಅದನ್ನ ಮೊದಲೇ ಹೊರಗಿಟ್ಟಿದ್ವಿ, ಬುದ್ಧಿ ಬಂದಿತ್ತಲ್ಲ. ಇದರಲ್ಲಿ ಆಲ್ಕೋಹಾಲ್ 6 ಪರ್ಸೆಂಟು, ಡುಶೆಸ್ 6.2, ನಮ್ಮ ಸ್ಟ್ರಾಂಗ್ ಬಿಯರ್‌ಗಳು 8ರ ತನಕ ಹೋಗ್ತವೆ, ಆದ್ರೆ ಇದನ್ನ ಆ ಥರ ಗಟಗಟ ಇಳಿಸೋಕಾಗಲ್ಲ, ಹುಳಿನೇ ಬಿಡಲ್ಲ. ಗ್ರಾಂಡ್ ಕ್ರೂ ಅಂದ್ರೆ ಮೂರರಲ್ಲಿ ಎರಡು ಪಾಲು ಎರಡು ವರ್ಷ ಫೂಡರಲ್ಲಿ ಇದ್ದ ಬಿಯರು, ಒಂದು ಪಾಲು ಹೊಸಾದು. ಡುಶೆಸ್‌ನಲ್ಲೂ ಇದೇ ಲೆಕ್ಕ, ವಿಖ್ತೆ ಅನ್ನೋ ಹಳ್ಳಿಯ ವೆರ್‌ಹಾಗೆ ಬ್ರೂವರಿಯವರು, 1885ರಿಂದ ಇದಾರೆ, 18 ತಿಂಗಳದ್ದಕ್ಕೆ 8 ತಿಂಗಳದ್ದು ಬೆರೆಸ್ತಾರೆ. ಯಾಕೆ ಬೆರೆಸ್ಬೇಕು, ಅಷ್ಟು ಕಷ್ಟಪಟ್ಟು ಹಳೇದು ಮಾಡಿ ಮತ್ತೆ ಹೊಸದು ಯಾಕೆ ಅಂತ ನವೀನ ಕೇಳ್ದ. ನಮ್ಮಮ್ಮ ಪುಳಿಯೋಗರೆ ಗೊಜ್ಜು ಮಾಡೋದು ನೋಡಿದ್ರೆ ಕೇಳ್ತಿರ್ಲಿಲ್ಲ. ಹೊಸ ಹುಣಸೆಹಣ್ಣು ಕೆಂಪಗಿರುತ್ತೆ, ಹುಳಿ ಸೂಜಿ ಥರ. ಹಳೇದು ಕಪ್ಪಗೆ, ಆಳ ಇರುತ್ತೆ, ಆದ್ರೆ ಬರೀ ಅದನ್ನೇ ಹಾಕಿದ್ರೆ ಗೊಜ್ಜು ಔಷಧಿ ಥರ ಆಗುತ್ತೆ. ಅಮ್ಮ ಡಬ್ಬಿಯಿಂದ ಎರಡೂ ತೆಗೆದು ಕಣ್ಣಳತೇಲಿ ಸೇರಿಸ್ತಾರೆ, ಒಂದೊಂದು ವರ್ಷದ ಹಣ್ಣು ಒಂದೊಂದು ಥರ, ಅದಕ್ಕೆ ಅಳತೆ ಬರೆದಿಡೋಕಾಗಲ್ಲ, ನೆಕ್ಕಿ ನೋಡಿ ಬೆಲ್ಲ ಹಾಕೋದು. ಫ್ಲಾಂಡರ್ಸಲ್ಲೂ ಒಂದೊಂದು ಫೂಡರ್ ಒಂದೊಂದು ಥರ ತಿರುಗುತ್ತೆ, ಅಲ್ಲೂ ಯಾರೋ ಒಬ್ರು ನೆಕ್ಕಿ ನೋಡೇ ಸೇರಿಸ್ಬೇಕು.

ನಂಗೆ ಎರಡರಲ್ಲಿ ರೋಡನ್‌ಬಾಕ್ ಜಾಸ್ತಿ ಹಿಡಿಸ್ತು. ಡುಶೆಸ್ ಮೊದಲ ಗ್ಲಾಸಿಗೆ ಮೋಡಿ ಮಾಡ್ತಾಳೆ, ಎರಡನೇದಕ್ಕೆ ಬರೋಷ್ಟರಲ್ಲಿ ಸಿಹಿ ಸ್ವಲ್ಪ ಬಾಯಿಗೆ ಅಂಟುತ್ತೆ, ಮದುವೆ ಮನೇಲಿ ಎರಡನೇ ಸಲ ಫೇಣಿ ಬಡಿಸೋಕೆ ಬಂದಂಗೆ. ರೋಡನ್‌ಬಾಕ್ ಒಣಕಲು, ಸಿಹಿ ಕಮ್ಮಿ, ಹುಳಿ ನೇರ, ಕೊನೆಗೆ ಮಳೆಗಾಲದ ಗೋಣಿಚೀಲದ ಒಂದೇ ಒಂದು ಎಳೆ ವಾಸನೆ, ಅದೇ ಆ ಕಾಡು ಯೀಸ್ಟಿಂದು ಅನ್ಸುತ್ತೆ, ಕೆಟ್ಟದಾಗಿ ಅಲ್ಲ, ಅಜ್ಜಿ ಮನೆ ಅಟ್ಟಕ್ಕೆ ಹತ್ತಿದಾಗ ಬರೋ ಥರ. ನವೀನ ಪೂರ್ತಿ ಉಲ್ಟಾ, ರಾಣಿಗೆ ಐದಕ್ಕೆ ನಾಲ್ಕೂವರೆ, ರೋಡನ್‌ಬಾಕ್‌ಗೆ ಮೂರೂವರೆ. ಒಂದು ಗಂಟೆ ಹಿಂದೆ ವಿನೆಗರ್ ಅಂದಿದ್ದು ನೀನೇ ಅಲ್ವಾ ಅಂದ್ರೆ "ಅದು ಬೇರೆ ಟೆಂಪರೇಚರ್" ಅಂದ. ಬೋಪಣ್ಣ ಮಾರ್ಕ್ಸ್ ಕೊಡ್ಲಿಲ್ಲ, ಸ್ಟೀಲ್ ಲೋಟಕ್ಕೆ ಸ್ವಲ್ಪ ಹುಯ್ಕೊಂಡು ಕುಡಿದು ನೋಡ್ದ, ಲೋಟದಲ್ಲಿ ವಾಸನೆ ಎಲ್ಲ ಸತ್ತೋಗುತ್ತೆ ಅಂತ ತೀರ್ಮಾನ ಮಾಡಿ ಮತ್ತೆ ಗ್ಲಾಸಿಗೆ ಬಂದ.

ಟಿಫನ್ ಕ್ಯಾರಿಯರಲ್ಲಿ ಪಂದಿಕರಿ, ಜೊತೆಗೆ ಕಡಂಬಿಟ್ಟು, ಅಂದ್ರೆ ಅಕ್ಕಿ ತರಿ ಉಂಡೆ. ನಮ್ಮನೆ ಅಡುಗೆಮನೆಗೆ ಅದು ಇಳಿಯೋ ಹಂಗಿಲ್ಲ, ಹಂಗಾಗಿ ಟೆರೇಸಲ್ಲೇ ಪೇಪರ್ ತಟ್ಟೆ. ಇದರ ಬಗ್ಗೆ ಜಾಸ್ತಿ ಬರೆದ್ರೆ ನಂಗೇ ಹೊಟ್ಟೆ ಹಸಿಯುತ್ತೆ. ಬೆಲ್ಜಿಯಂನವರು ದನದ ಮಾಂಸನ ಇಂಥದ್ದೇ ಬಿಯರಲ್ಲಿ ಗಂಟೆಗಟ್ಟಲೆ ಬೇಯಿಸಿ ಕಂದು ಬಣ್ಣದ ಸಾರು ಮಾಡ್ತಾರೆ, ಈರುಳ್ಳಿ ಸಿಹಿ, ಬಿಯರ್ ಹುಳಿ, ಕೊಬ್ಬು, ಅಲ್ಲಿಗೆ ಲೆಕ್ಕ ಅದೇ. ಪಂದಿಕರಿ ಕೊಬ್ಬಿನ ತುಂಡು, ಮೆಣಸಿನ ಖಾರ, ಮೇಲೆ ಒಂದು ಗುಟುಕು ರೋಡನ್‌ಬಾಕ್, ಜಿಡ್ಡೆಲ್ಲ ಒರೆಸಿದಂಗೆ ಹೋಗಿ ಮತ್ತೆ ಮೊದಲಿಂದ ಶುರು. ಒಂದೇ ತೊಂದ್ರೆ, ಖಾರ ಜಾಸ್ತಿ ಆದಾಗ ಹುಳಿ ಅದನ್ನ ಇನ್ನೂ ಉರಿಸುತ್ತೆ, ನವೀನನ ಕಣ್ಣಲ್ಲಿ ನೀರು. ಅವನಿಗೆ ಕಡಂಬಿಟ್ಟು ಜಾಸ್ತಿ ಕೊಟ್ವಿ. ಕೋಡುಬಳೆ ಜೊತೆನೂ ನೋಡ್ದೆ, ಆಗ್ಲಿಲ್ಲ, ಎಣ್ಣೆ ಹುಳಿ ಎರಡೂ ಬೇರೆ ಬೇರೆ ದಿಕ್ಕಿಗೆ ಹೋದ್ವು. ಕಾಂಗ್ರೆಸ್ ಕಡ್ಲೆಕಾಯಿ ಪರವಾಗಿಲ್ಲ.

ಒಂಬತ್ತು ಗಂಟೆಗೆ ಅಮ್ಮ ಮೆಟ್ಟಿಲ ಹತ್ರ ನಿಂತು "ಊಟಕ್ಕೆ ಬರ್ತೀರೋ ಇಲ್ವೋ" ಅಂದ್ರು, ಯಾರೂ ಬರಲ್ಲ ಅಂತ ಗೊತ್ತಿದ್ದೇ. ಬೋಪಣ್ಣ ಎದ್ದು ನಿಂತು "ಆಂಟಿ, ಸಾಕಾಯ್ತು ಆಂಟಿ" ಅಂದ, ತಟ್ಟೆನ ಬೆನ್ನ ಹಿಂದೆ ಹಿಡ್ಕೊಂಡು. ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಗ್ಲಾಸೆಲ್ಲ ತೊಳೆದು ಮಗುಚಿ ಹಾಕಿದ್ರು. ಕಾಫಿ ಕೊಡ್ತಾ "ಏನೋ ಅದು, ಹಳೇ ಹುಣಸೆಹಣ್ಣು ನೆನೆಹಾಕಿದ ನೀರಿನ ವಾಸನೆ. ನಮ್ಮನೇಲೇ ಐದು ಕೆಜಿ ಇತ್ತಲ್ಲ, ಅಷ್ಟು ದೂರದಿಂದ ತರಿಸ್ಬೇಕಿತ್ತಾ" ಅಂದ್ರು. ಅಂದ್ರೆ ಮೂಸಿ ನೋಡಿದಾರೆ. ನಾನು ಏನೂ ಮಾತಾಡ್ಲಿಲ್ಲ.

ಉಳಿದ ಒಂದು ರೋಡನ್‌ಬಾಕ್ ಮೊಸರಿನ ಪಾತ್ರೆ ಹಿಂದೆ ಇದೆ, ಭಾವ ಮನೆಗೆ ಬಂದ ದಿನ ಅವರ ಎದುರಿಗೆ ತೆಗೀಬೇಕು ಅಂತ, ಕುಡಿಯದಿದ್ರೂ ಮೂಸಲಿ. ರಾಣಿ ಬಾಟಲಿನ ಬೋಪಣ್ಣ ಕಾಚಂಪುಳಿ ಹಾಕಿಡೋಕೆ ಕೇಳಿದ್ದ, ಕೊಡೋಣ ಅಂತ ಹುಡುಕಿದ್ರೆ ಅಮ್ಮ ಆಗಲೇ ನೀರು ತುಂಬಿ ಮನಿ ಪ್ಲಾಂಟ್ ಸಿಕ್ಕಿಸಿ ಅಡುಗೆಮನೆ ಕಿಟಕೀಲಿ ಇಟ್ಟಿದ್ರು. ಲೇಬಲ್ ನೆನೆಸಿ ಕೀಳೋಕೆ ಹೋಗಿ, ಮುಖ ಚೆನ್ನಾಗಿದೆ ಅಂತ ಬಿಟ್ಟಿದಾರೆ. ಒಂದು ಮೂಲೆ ಮಾತ್ರ ಸ್ವಲ್ಪ ಎದ್ದಿದೆ.